ಡಿಕ್ಕಿಯಲ್ಲಿದ್ದ ಅಕ್ಕಿಮೂಟೆ

ನಿನ್ನೆ ಮಳೆ ನಿಂತ ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಸುಟ್ಟ ರಬ್ಬರಿನ ವಾಸನೆ ಮೇಲೆ ಬಂತು. ಕೆಳಗೆ ಗೇಟಿನ ತಿರುವಿನಲ್ಲಿ ಯಾರದೋ ಹೊಸ ಸ್ಪೋರ್ಟ್ಸ್ ಕಾರು. ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು. ಕೈಯಲ್ಲಿದ್ದ ದಿಂಬಿನ ಕವರು ಹಾಗೇ ಉಳಿಯಿತು. ಕೆಳಮನೆ ಆಂಟಿ ನೆನಪಾದರು...

ಮದುವೆಯಾಗಿ ದೆಹಲಿಯ ಪೀತಮ್‌ಪುರದ ಈ ಮೂರನೇ ಮಹಡಿಗೆ ನಾನು ಬಂದಾಗ ಅವರು ನೆಲಮಹಡಿಯಲ್ಲಿದ್ದರು. ಕೊಡಗಿನವರು. ಸೈನ್ಯದಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವರ ಎರಡೇ ಸೀಟಿನ ಕೆಂಪು ಕಾರನ್ನು ತಾವೇ ಓಡಿಸುತ್ತಿದ್ದರು. ನಮ್ಮವರು ಆಫೀಸಿಗೆ ಹೋದ ಮೇಲೆ, ತರಕಾರಿ ಭಯ್ಯಾ ಕೂಗಿದಾಗ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವುದಷ್ಟೇ ನನ್ನ ಹೊರಸಂಚಾರ. ಒಂದು ದಿನ ಬುಟ್ಟಿ ಎಳೆದುಕೊಂಡರೆ ಕೊತ್ತಂಬರಿಯ ಕೆಳಗೆ ಕಾರಿನ ಕೀ ಇತ್ತು.

"ಬುಟ್ಟಿ ಮಾತ್ರ ಇಳೀಬೇಕಾ? ನೀನೂ ಇಳಿ," ಎಂದು ಆಂಟಿ ಕೆಳಗಿನಿಂದ ನಕ್ಕರು.

ಎರಡು ತಿಂಗಳು ಕಲಿಸಿದರು. "ಇಂಜಿನ್ ಭಾರ ಮುಂದೆ, ತಳ್ಳೋ ಕೆಲಸ ಹಿಂದಿನ ಚಕ್ರದ್ದು. ಟಯರು ರಸ್ತೇನ ಹಿಡಿಯೋ ಅಷ್ಟೇ ಶಕ್ತಿ ಕೊಡು. ಜಾಸ್ತಿ ಕೊಟ್ಯೋ, ಹಿಡಿತ ಬಿಟ್ಟು ಸುಮ್ನೆ ಸುತ್ತುತ್ತೆ. ತಿರುವಲ್ಲಂತೂ ಕಾಲು ಹಗುರ ಇರ್ಲಿ."

ಸೋಮವಾರ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಓಖ್ಲಾದ ಗಾರ್ಮೆಂಟ್ ಘಟಕವೊಂದರಲ್ಲಿ ನನಗೊಂದು ಕೆಲಸ ಕಾದಿತ್ತು. ಪರೀಕ್ಷೆಗೂ, ಆಮೇಲೆ ದಿನಾ ಅಷ್ಟು ದೂರ ಹೋಗಿಬರಲೂ ಕಾರು ಕೊಡುತ್ತೇನೆಂದು ಆಂಟಿ ಒಪ್ಪಿದ್ದರು.

ಯಾರದೇ ವಸ್ತು ಬಳಸಿದರೂ ತೊಳೆದು ಹಿಂದಿರುಗಿಸಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಶನಿವಾರ ಕಾರು ತೊಳೆದೆ. ಡಿಕ್ಕಿಯಲ್ಲಿ ಒಂದು ಅಕ್ಕಿಮೂಟೆ, ಒಳಗೆಲ್ಲ ಹುಳ. ಪಾಪ, ಆಂಟಿ ಮರೆತಿರಬೇಕು ಅಂದುಕೊಂಡು, ಚೌಕಿದಾರನ ಕೈಲಿ ಹೊರಿಸಿ ತಾರಸಿಯ ಬಿಸಿಲಿಗೆ ಹರವಿದೆ. ಹಗುರವಾದ ಹಿಂಭಾಗ ರಸ್ತೆಗೆ ಒತ್ತಿ ಕೂರಲೆಂದು ಅವರ ಗಂಡ ಇಡುತ್ತಿದ್ದ ಭಾರ ಅದು ಎಂದು ನನಗೇನು ಗೊತ್ತು...

ಸಂಜೆ ಅಭ್ಯಾಸ ಮುಗಿಸಿ ಬರುವಾಗ ಗಾಜಿನ ಮೇಲೆ ಹನಿ ಬಿತ್ತು. ಅಯ್ಯೋ, ಅಕ್ಕಿ! ಗೇಟಿನ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿಬಿಟ್ಟೆ. ಚಕ್ರ ಕೂಗಿತು, ಹಿಂಭಾಗ ಜಾರಿತು, ಗಾಬರಿಗೆ ಇನ್ನಷ್ಟು ಒತ್ತಿದೆ. ಕಾರು ಕಂಬಕ್ಕೆ ಬಡಿಯಿತು. ಪಕ್ಕದಲ್ಲಿದ್ದ ಆಂಟಿಯ ಮಣಿಕಟ್ಟು ಮುರಿಯಿತು.

ಮರುದಿನ ಪ್ಲಾಸ್ಟರ್ ಹಾಕಿದ ಕೈ ಹೊತ್ತು ಅವರು ಮೂರು ಮಹಡಿ ಹತ್ತಿ ಬಂದರು. "ತಪ್ಪು ನಂದು. ಮೂಟೆ ಯಾತಕ್ಕೆ ಅಂತ ಇವಳಿಗೆ ಹೇಳಿರ್ಲಿಲ್ಲ. ನಾಳೆ ಪರೀಕ್ಷೆಗೆ ಕಳಿಸಿಕೊಡಿ."

"ಅಚ್ಛಾ, ಅದೆಲ್ಲ ಬಿಡಿ ಆಂಟಿ. ಎಲ್ಲಿಗೆ ಬೇಕಾದ್ರೂ ನಾನೇ ಕರ್ಕೊಂಡು ಹೋಗ್ತೀನಲ್ಲ," ಎಂದರು ನಮ್ಮವರು, ಮೃದುವಾಗಿಯೇ.

ಆಂಟಿ ನನ್ನ ಮುಖ ನೋಡಿದರು. ನಾನು ಟ್ರೇಯಲ್ಲಿದ್ದ ಕಪ್ಪುಗಳನ್ನು ನೋಡುತ್ತ ನಿಂತೆ. ಒಂದು ಮಾತು ಆಡಿದ್ದರೆ... ಸೋಮವಾರ ಪರೀಕ್ಷೆಗೆ ಹೋಗಲಿಲ್ಲ.

ಆಮೇಲೆ ಆಂಟಿ ಕಾರು ಮಾರಿದರು. ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳಾದ ಮೇಲೆ.

ಕೆಳಗಿನ ಕಾರಿನವನು ಇನ್ನೂ ಒತ್ತುತ್ತಲೇ ಇದ್ದ. ಕಾಲು ಹಗುರ ಮಾಡಪ್ಪ ಅನ್ನಬೇಕೆನಿಸಿತು. ಇಷ್ಟು ಎತ್ತರದಿಂದ ಯಾರಿಗೆ ಕೇಳಿಸುತ್ತದೆ. ಕೊನೆಗೆ ಹೇಗೋ ಹಿಡಿತ ಸಿಕ್ಕಿ ಹೊರಟುಹೋದ. ಅಷ್ಟರಲ್ಲಿ ತರಕಾರಿ ಭಯ್ಯಾ ಕೂಗಿದ, ಬುಟ್ಟಿ ಇಳಿಬಿಟ್ಟೆ. ಮೇಲೆಳೆದುಕೊಂಡಾಗಲೆಲ್ಲ ಈಗಲೂ ಒಮ್ಮೆ ಕೊತ್ತಂಬರಿಯ ಕೆಳಗೆ ಕೈಯಾಡಿಸುತ್ತೇನೆ.