ಕರುಳಿನ ದಾರಿ ಮರೆಯದ ಕಣಗಳು

ಮಂಜೇಶ್ವರದ ಮನೆಯಲ್ಲಿ ಆಗ ನಾನು, ನನ್ನ ತಂಗಿ ಇಬ್ಬರೇ ಇದ್ದೆವು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ, ಅವಳು ಚಾವಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಆ ವರ್ಷ ಗಳಿಗೆಗೊಮ್ಮೆ ಅರ್ಧ ಹೊಲಿದ ರವಿಕೆ ಬಿಟ್ಟು ಹಿತ್ತಲಿನ ಕಕ್ಕಸಿಗೆ ಓಡತೊಡಗಿದಳು. ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ನನಗೂ ಹೇಳಿರಲಿಲ್ಲ. ತಲೆ ತಿರುಗಿ ಬಿದ್ದ ಮೇಲೆ ಮಂಗಳೂರಿಗೆ ಕರೆದೊಯ್ದೆ.

ದೊಡ್ಡಕರುಳಿನ ಒಳಪದರವೆಲ್ಲ ಹುಣ್ಣು ಎಂದರು ಡಾಕ್ಟರು. ಹುಣ್ಣು ಮಾಡಿದ್ದು ಅವಳದೇ ಬಿಳಿ ರಕ್ತಕಣಗಳು. ಕರುಳು ಕಾಯಲೆಂದು ತಯಾರಾದ ಕಣಗಳ ಮೈಮೇಲೆ ಕೊಕ್ಕೆಯಂಥದ್ದೊಂದು ಇರುತ್ತದೆ. ಅವು ರಕ್ತದಲ್ಲಿ ಮೈಯೆಲ್ಲ ಸುತ್ತಿ ಕರುಳಿನ ಸಣ್ಣ ನಾಳಕ್ಕೆ ಬಂದಾಗ ಕೊಕ್ಕೆ ನಾಳದ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಕಣ ಅಲ್ಲಿಂದ ನುಸುಳಿ ಒಳಪದರ ಸೇರುತ್ತದೆ. ಎಲ್ಲರ ಮೈಯಲ್ಲೂ ನಡೆಯುವುದೇ ಇದು. ತಂಗಿಯ ಮೈಯಲ್ಲಿ ಮಾತ್ರ ಅವು ಬರುವುದು ನಿಲ್ಲುತ್ತಿರಲಿಲ್ಲ, ಬಂದವು ಒಳಪದರವನ್ನೇ ಹುಣ್ಣು ಮಾಡುತ್ತಿದ್ದವು. ಶಾಲೆಯಲ್ಲಿ ನಾನು ಅವನ್ನು ಸೈನಿಕರೆಂದು ಕಲಿಸುತ್ತಿದ್ದೆ. ಆ ವರ್ಷ ಆ ಪಾಠ ಮಾಡುವಾಗ ಆ ಮಾತು ಬಿಟ್ಟು ಮುಂದೆ ಹೋದೆ.

ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಊದಿತೇ ಹೊರತು ರಕ್ತ ನಿಲ್ಲಲಿಲ್ಲ. ಕೊನೆಗೆ ದೊಡ್ಡಕರುಳನ್ನೇ ತೆಗೆದರು. ಮಲ ಇಳಿಯಲೆಂದು ಹೊಟ್ಟೆಗೆ ಅಂಟಿಸಿದ ಚೀಲ ಕಾಣದ ಹಾಗೆ ಅವಳು ತನಗೆ ಸಡಿಲವಾದ ಚೂಡಿದಾರ ಹೊಲಿದುಕೊಂಡಳು. ಮತ್ತೆ ಮೀನುಸಾರು ಉಂಡಳು, ಗಿರಾಕಿಗಳೊಡನೆ ನಕ್ಕಳು. ಕರುಳಿನೊಡನೆ ಕಾಯಿಲೆಯೂ ಹೋಯಿತೆಂದು ನಾನು ನಂಬಿದ್ದೆ.

ಕೆಲವು ವರ್ಷಗಳ ಮೇಲೆ ಮೈತುರಿಕೆ ಶುರುವಾಯಿತು. ಹೊಸ ಬಟ್ಟೆಯ ಗಂಜಿಯಿಂದ ಇರಬೇಕೆಂದುಕೊಂಡೆವು. ಒಂದು ಮಧ್ಯಾಹ್ನ ಸೂಜಿಗೆ ನೂಲು ಪೋಣಿಸಲು ಅವಳು ಬಾಗಿಲ ಬೆಳಕಿಗೆ ತಿರುಗಿದಾಗ ಕಣ್ಣು ಅರಸಿನದಂತೆ ಹಳದಿಯಾಗಿದ್ದುದು ಕಂಡಿತು.

ಅದೇ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿದರು. ಲಿವರಿನೊಳಗಿನ ಪಿತ್ತನಾಳಗಳು ಅಲ್ಲಲ್ಲಿ ಕಿರಿದಾಗಿದ್ದವು, ಇದೂ ಆ ಕರುಳಿನ ಕಾಯಿಲೆಗೆ ಸೇರಿದ್ದೇ ಎಂದರು.

“ದೊಡ್ಡಕರುಳು ತೆಗೆದಾಯ್ತಲ್ಲ ಡಾಕ್ಟ್ರೇ,” ಎಂದೆ.

“ಕರುಳು ತೆಗೆದದ್ದು ಹೌದು. ಅದಕ್ಕೆಂದು ತಯಾರಾದ ಕಣಗಳು ಇನ್ನೂ ಉಂಟು,” ಎಂದರು. “ಅವು ವರ್ಷಗಟ್ಟಲೆ ಬದುಕ್ತವೆ. ಕೆಲವರಿಗೆ ಲಿವರಿನ ರಕ್ತನಾಳದಲ್ಲಿಯೂ ಅವಕ್ಕೆ ಹಿಡಿತ ಸಿಕ್ತದೆ, ಅಲ್ಲಿಂದ ನುಸುಳಿ ಪಿತ್ತನಾಳದ ಸುತ್ತ ಸೇರ್ತವೆ. ಇದು ನಮ್ಮ ಅಂದಾಜು, ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

ತಂಗಿ ಮೆಲ್ಲಗೆ ಕೇಳಿದಳು: “ಅವು ಖಾಲಿ ಆಗುದು ಯಾವಾಗ?”

ಡಾಕ್ಟರು ಆಸ್ಪತ್ರೆಗೆ ಸೇರಲು ಚೀಟಿ ಬರೆದರು. ಪಿತ್ತನಾಳದೊಳಗೆ ಕೊಳವೆ ಇಟ್ಟು ಪಿತ್ತ ಹರಿಯುವ ಹಾಗೆ ಮಾಡಿದರು. ಕಣ್ಣು ಬೆಳ್ಳಗಾಯಿತು. ನಾಳ ಮತ್ತೆ ಕಟ್ಟಿ ಸೋಂಕಾದರೆ ಚಳಿಜ್ವರ ಬರುತ್ತದೆ, ಆಗ ತಡಮಾಡದೆ ಬರಬೇಕು, ಮುಂದೆ ಲಿವರನ್ನೇ ಬದಲಿಸಬೇಕಾದೀತು ಎಂದು ಹೇಳಿ ಕಳಿಸಿದರು.

ಮಳೆಗಾಲ ಮುಗಿಯುವ ಮೊದಲೇ ಚಳಿಜ್ವರ ಬಂತು. ಹಲ್ಲು ಕಟಕಟಿಸುತ್ತ ಕೂತಿದ್ದ ಅವಳಿಗೆ ಎರಡು ಕಂಬಳಿ ಹೊದಿಸಿ, ನಾನು ರಸ್ತೆಗೆ ಹೋಗಿ ರಿಕ್ಷಾ ಕರೆದೆ.