ನಡುವಿನವನು ಯಾರು

ನಾನು ನಿಂತಿದ್ದದ್ದು ನಮ್ಮ ತಾತನ ಮನೆಯ ಪಡಸಾಲೆಯಲ್ಲಿ, ಬೀದಿ ಬಾಗಿಲಿನಿಂದ ಎರಡನೆಯ ಕಂಬದ ಪಕ್ಕ. ಮೇ ತಿಂಗಳ ಒಂದು ಬುಧವಾರ. ಎದುರು ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ನನಗೆ ಒಂಬತ್ತು ತುಂಬಿ ಹತ್ತು ನಡೆಯುತ್ತಿತ್ತು. ನನ್ನಿಂದ ಎಂಟು ಹೆಜ್ಜೆ ದೂರದಲ್ಲಿ ತಾತ ಗೋಡೆಗೆ ಒರಗಿ ಕುಳಿತಿದ್ದರು. ಅವರು ತೀರಿಕೊಂಡು ಇಪ್ಪತ್ತೇಳು ತಾಸಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ.

ಮುಂದಿನದನ್ನು ಹೇಳುವ ಮೊದಲು ಆ ಬೇಸಿಗೆಯ ಬಗ್ಗೆ ಹೇಳಬೇಕು.

ಆ ದಿನಗಳಲ್ಲಿ ಪರೀಕ್ಷೆ ಮುಗಿದ ಮರುದಿನವೇ ಅಮ್ಮ ನನ್ನನ್ನು ಹೊಸಪೇಟೆಯಿಂದ ಕಂಪ್ಲಿ ಬಸ್ಸಿಗೆ ಹತ್ತಿಸುತ್ತಿದ್ದಳು. ಕಂಪ್ಲಿಯಿಂದ ತಾತನ ಊರಿಗೆ ನಾಲ್ಕು ಮೈಲಿ. ಊರ ತುಂಬ ಗದ್ದೆ, ಬಾಳೆ, ರೈಸ್‌ಮಿಲ್ಲಿನ ಹೊಟ್ಟಿನ ವಾಸನೆ. ಮಾಳಿಗೆಯ ಮೇಲೆ ಅಜ್ಜಿ ಸಂಡಿಗೆ ಇಟ್ಟರೆ ಕಾಗೆ ಕಾಯುವುದು ನನ್ನ ಮತ್ತು ಪಕ್ಕದ ಮನೆಯ ಗಂಗಿಯ ಕೆಲಸ. ಅರ್ಧ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಜಾಸ್ತಿ ನಾವೇ ತಿನ್ನುತ್ತಿದ್ದೆವು.

ಊಟವಾದ ಮೇಲೆ ನನಗೆ ಇನ್ನೊಂದು ಕೆಲಸವಿತ್ತು. ತಾತ ಮಂಚದ ಮೇಲೆ ಕಾಲು ಚಾಚುತ್ತಿದ್ದರು. ನಾನು ಔಡಲೆಣ್ಣೆ ಹಚ್ಚಿ ತಿಕ್ಕುತ್ತ ಹೆಸರುಗಳನ್ನು ಒಪ್ಪಿಸಬೇಕು. ನಮ್ಮ ಊರಲ್ಲಿ ನಾಡಗೌಡ ಎಂಬ ಅಡ್ಡಹೆಸರಿನ ಮನೆಗಳು ಏಳಿದ್ದವು. ಅಡ್ಡಹೆಸರು ಎಲ್ಲರದು, ನಾಡಗೌಡಿಕೆ ಮಾತ್ರ ಒಬ್ಬನದು. ತಾತ ಎಂಟನೆಯವರು. ಹಿಂದೆ ಯಾವ ಕಾಲದಲ್ಲೋ ನಾಡಗೌಡ ಸುತ್ತಲ ಹಳ್ಳಿಗಳ ಕಂದಾಯ ಎತ್ತುತ್ತಿದ್ದನಂತೆ, ನ್ಯಾಯ ಹೇಳುತ್ತಿದ್ದನಂತೆ. ಸರ್ಕಾರ ಅದನ್ನೆಲ್ಲ ತೆಗೆದು ಹಾಕಿ ನನ್ನ ವಯಸ್ಸಿಗಿಂತ ಹೆಚ್ಚು ವರ್ಷಗಳಾಗಿದ್ದವು. ಉಳಿದದ್ದು ಇಷ್ಟೇ: ಊರ ಮದುವೆಯಲ್ಲಿ ಮೊದಲ ವೀಳ್ಯ, ಪಂಚಾಯ್ತಿ ಕಟ್ಟೆಯ ಮೇಲೆ ನಡುವಿನ ಜಾಗ, ಹಳೆಯದೊಂದು ಕೆಂಪು ರುಮಾಲು.

ವಂಶಾವಳಿಯ ಕಾಗದವನ್ನು ಗೆದ್ದಲು ತಿಂದಿತ್ತು. ತಾತನಿಗೆ ಗಂಡುಮಕ್ಕಳಿರಲಿಲ್ಲ. ಆದ್ದರಿಂದ ಆ ಹೆಸರುಗಳನ್ನು ಮಗಳ ಮಗಳಾದ ನನ್ನ ಬಾಯಿಗೆ ತುಂಬಿದ್ದರು.

"ಐದನೇ ನಾಡಗೌಡ್ರಿಗೆ ಮಕ್ಕಳೆಷ್ಟು?"

"ಮೂರು ಮಂದಿ ತಾತಾ. ದೊಡ್ಡವ ಬಸವನಗೌಡ. ನಡುವಿನವ ಈರನಗೌಡ. ಸಣ್ಣವ ಸಿದ್ದನಗೌಡ."

"ದೊಡ್ಡವನ ಸಾಲು?"

"ನಮ್ಮದು."

"ನಡುವಿನವಂದು?"

"ಕೆಳಗಿನ ಮನಿ. ಶರಣಪ್ಪ ಮಾವ."

"ಸಣ್ಣವಂದು?"

"ಮ್ಯಾಲಿನ ಮನಿ. ಚೆನ್ನಪ್ಪ ಮಾವ."

ತಪ್ಪಿಲ್ಲದೆ ಹೇಳಿದರೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಸಿಗುತ್ತಿತ್ತು. ಬಾಗಿಲಲ್ಲಿ ಕಲ್ಲು ಎಸೆದು ಹಿಡಿಯುತ್ತ ಅಣಿಕಲ್ಲು ಆಡುತ್ತಿದ್ದ ಗಂಗಿ, "ಇಕಿ ಏನ್ ಗೌಡ್ತಿ ಆಗ್ತಾಳೇನ್ರಿ ತಾತಾ? ನನಗೂ ಒಂದು ಹೋಳು ಕೊಡ್ರಿ, ಸತ್ತೋರ ಹೆಸ್ರು ನಾನೂ ಹೇಳ್ತೀನಿ" ಎನ್ನುತ್ತಿದ್ದಳು. ಕೆಳಗಿನ ಮನೆಯ ಶರಣಪ್ಪ ಮಾವ ಚಹಾ ಕುಡಿಯಲು ಬಂದವನು ಎಷ್ಟೋ ಸಲ ಇದನ್ನು ಕೇಳಿಸಿಕೊಂಡು ನಗುತ್ತ ಕೂತಿರುತ್ತಿದ್ದ.

ಒಮ್ಮೆ ನಾನು ಕೇಳಿದೆ: "ತಾತಾ, ಹುಡುಗ್ರು ಇಷ್ಟು ಮಂದಿ ಅದಾರ, ನನಗ್ಯಾಕ ಕಲಸ್ತೀರಿ?"

"ನಿನಗ ಗೌಡಕಿ ಬರಂಗಿಲ್ಲ. ಬರದವರು ಸುಳ್ಳು ಹೇಳಂಗಿಲ್ಲ" ಎಂದರು.

ಮಂಗಳವಾರ ಹನ್ನೊಂದು ಗಂಟೆಗೆ ತಾತ ಬಚ್ಚಲಲ್ಲಿ ಕುಸಿದರು. ಒಂದು ಮಾತೂ ಆಡಲಿಲ್ಲ. ಸ್ನಾನ ಮಾಡಿಸಿ, ಹಣೆಗೆ ಎದೆಗೆ ವಿಭೂತಿ ಬಳಿದು, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ, ಗೋಡೆಗೆ ಹೊಡೆದ ಮೊಳೆಗೆ ಬೆನ್ನನ್ನು ಬಿಗಿದು ಕೂರಿಸಿದರು. ತಲೆಗೆ ಆ ಕೆಂಪು ರುಮಾಲು ಸುತ್ತಿದರು. ಪದ್ಧತಿ ಅದು. ನಾಡಗೌಡಿಕೆ ಒಂದು ಗಳಿಗೆಯೂ ಖಾಲಿ ಇರಬಾರದು. ದೊಡ್ಡವನ ಸಾಲಿನಲ್ಲಿ ಗಂಡಿಲ್ಲದಿದ್ದರೆ ಅದು ನಡುವಿನವನ ಸಾಲಿಗೆ ಹೋಗಬೇಕು. ಸತ್ತವನ ತಲೆಯಿಂದ ರುಮಾಲು ಬಿಚ್ಚಿ ಮುಂದಿನವನಿಗೆ ಸುತ್ತಿದ ಮೇಲೆಯೇ ಹೆಣ ಎಬ್ಬಿಸಬೇಕು.

ಸಂಜೆ ಐದಕ್ಕೆ ಎಬ್ಬಿಸುವುದೆಂದು ಮಾತಾಗಿತ್ತು. ನಾಲ್ಕೂವರೆಗೆ ಮೇಲಿನ ಮನೆಯ ಚೆನ್ನಪ್ಪ ಮಾವ ಬಂದು ರುಮಾಲು ತನಗೆ ಸೇರಬೇಕು ಎಂದ. ನಡುವಿನವನು ಸಿದ್ದನಗೌಡ, ಈರನಗೌಡನೇ ಸಣ್ಣವನು ಎಂದು ಅವನ ವಾದ. ಅವನ ಹಿಂದೆ ಎಂಟು ಹತ್ತು ಜನ. ಶವ ಹೊರುವ ವಿಮಾನವನ್ನು ಕಟ್ಟಿಸಿದ್ದವನು ಅವನೇ. ಅದನ್ನು ತನ್ನ ಅಂಗಳದಲ್ಲಿಯೇ ಇಟ್ಟುಕೊಂಡಿದ್ದ. ಕೆಳಗಿನ ಮನೆಯವರು ಒಪ್ಪಲಿಲ್ಲ. ಹೊತ್ತು ಮುಳುಗಿತು. ಬೆಳಗಾಯಿತು. ಮಾತು ಮುಗಿಯಲಿಲ್ಲ.

ಬುಧವಾರ ಬಿಸಿಲೇರಿದ ಮೇಲೆ ಆದದ್ದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಕಂಪ್ಲಿಯಿಂದ ಹೊಟ್ಟಿನ ಚೀಲದಲ್ಲಿ ಸುತ್ತಿ ತಂದ ಮಂಜುಗಡ್ಡೆ ಹನ್ನೊಂದರ ಹೊತ್ತಿಗೆ ಕರಗಿ, ನೀರು ಹೊಸ್ತಿಲು ದಾಟಿ ಹರಿಯಿತು. ತಾತನ ಹೊಟ್ಟೆ ಉಬ್ಬಿ ಧೋತರದ ಗಂಟು ಬಿಗಿಯಿತು. ಮೂಗಿನಿಂದ ಇಳಿದ ಕಂದು ನೀರು ತುಟಿ ದಾಟಿ ಗದ್ದಕ್ಕಿಳಿದು ಎದೆಯ ವಿಭೂತಿಯಲ್ಲಿ ಗೆರೆ ಕೊರೆಯಿತು. ಅಜ್ಜಿ ಸೆರಗಿನಿಂದ ಅದನ್ನು ಒರೆಸುತ್ತಿದ್ದಳು. ಒರೆಸಿದಷ್ಟೂ ಬರುತ್ತಿತ್ತು. ಊದಿನಕಡ್ಡಿ, ಸುಗಂಧರಾಜದ ಹಾರ, ಅವುಗಳ ಅಡಿಯಿಂದ ಏಳುವ ಆ ಇನ್ನೊಂದು ವಾಸನೆ. ಇಂದಿಗೂ ಮದುವೆ ಮನೆಯಲ್ಲಿ ಸುಗಂಧರಾಜದ ಹತ್ತಿರ ನಾನು ಕೂರುವುದಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚೆನ್ನಪ್ಪ ಮಾವನ ಜನಕ್ಕೆ ಅವನ ಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ಹೆಣದ ಎದುರೇ ಪೇಪರು ಹಾಸಿಕೊಂಡು ತಿಂದರು. "ಮಿರ್ಚಿ ಮಸ್ತ್ ಆಗ್ಯಾವ ನೋಡ್ರಿ, ಇನ್ನೆರಡು ಹಾಕ್ರಿ ಇಲ್ಲಿ" ಎಂದು ಒಬ್ಬ ಕೂಗಿದ. ಚೆನ್ನಪ್ಪ ಮಾವ ಎದ್ದು ತಾತನ ಹತ್ತಿರ ಹೋಗಿ, ಸಡಿಲವಾಗಿದ್ದ ರುಮಾಲಿನ ಅಂಚನ್ನು ಒಳಗೆ ಸಿಕ್ಕಿಸಿದ. ಕೈ ತೆಗೆದಾಗ ಕೆಂಪು ಬಟ್ಟೆಯ ಮೇಲೆ ಎಣ್ಣೆಯ ಮೂರು ಬೆರಳಿನ ಗುರುತು ಇತ್ತು.

ಕ್ರಿಯೆ ಮಾಡಿಸಲು ಬಂದಿದ್ದ ಐನೋರು ಕೊನೆಗೆ ಎದ್ದು ನಿಂತರು. "ಹೆಣ ಕೆಡಾಕತ್ತೈತ್ರಪಾ. ನನ್ನ ಕೈಲೆ ಇನ್ನ ಕುಂದ್ರಾಕ ಆಗಂಗಿಲ್ಲ. ಗೌಡ್ರು ಮೊಮ್ಮಗಳಿಗೆ ಹೆಸ್ರು ಕಲಸಿದ್ರಲ್ಲ, ಅದನ್ನ ಕೇಳ್ರಿ. ಕೂಸು ಹೇಳಿದಂಗ ಆಗ್ಲಿ."

ಎರಡೂ ಕಡೆಯವರು ಒಪ್ಪಿದರು. ಚೆನ್ನಪ್ಪ ಮಾವ ಕೂಡ ಒಪ್ಪಿದ, ಆದರೆ ಬಾಗಿಲಲ್ಲಿ ನಿಂತಿದ್ದ ತನ್ನ ಜನರ ಕಡೆ ಒಮ್ಮೆ ನೋಡಿದ.

ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದೊಯ್ದಳು. ಅವಳ ಕೈ ನನ್ನ ಕಿವಿಯ ಮೇಲಿತ್ತು; ಆ ವಾಸನೆ ಅವಳ ಸೆರಗಿನಲ್ಲೂ ಇತ್ತು.

"ನೀಲಿ, ಸಿದ್ದನಗೌಡ ನಡುವಿನವ ಅನ್ನು."

"ಅಲ್ಲಬೇ, ಈರನಗೌಡ."

"ನನಗೂ ಗೊತ್ತೈತಿ. ಕೇಳು. ಶರಣಪ್ಪ ಸೋತರ ಅಳ್ತಾನ. ಚೆನ್ನಪ್ಪ ಸೋತರ ಎಬ್ಬಸಗೊಡಂಗಿಲ್ಲ. ನಿಮ್ಮ ತಾತನ್ನ ಮಣ್ಣಿಗೆ ಹಾಕ್ಬೇಕವ್ವಾ. ಆ ರುಮಾಲು ಯಾರ ತಲಿ ಮ್ಯಾಲಾರ ಹಾಳಾಗಿ ಹೋಗ್ಲಿ."

ಹೊರಗೆ ಬಂದು ಎರಡನೆಯ ಕಂಬದ ಪಕ್ಕ ನಿಂತೆ. ಐನೋರು ಕೇಳಿದರು. ಮೊದಲ ನಾಡಗೌಡನಿಂದ ಶುರು ಮಾಡಿದೆ. ಐದನೆಯವರ ಮಕ್ಕಳಿಗೆ ಬಂದಾಗ ತಾತನ ಕಡೆ ನೋಡಬಾರದು ಎಂದುಕೊಂಡಿದ್ದೆ. ನೋಡಿದೆ. ಕಣ್ಣಿನ ರೆಪ್ಪೆ ಅರ್ಧ ತೆರೆದುಕೊಂಡಿತ್ತು, ಅದರ ಮೂಲೆಯಲ್ಲಿ ಒಂದು ನೊಣ.

"ದೊಡ್ಡವ ಬಸವನಗೌಡ. ನಡುವಿನವ ಸಿದ್ದನಗೌಡ. ಸಣ್ಣವ ಈರನಗೌಡ."

ಶರಣಪ್ಪ ಮಾವ ತಲೆ ಎತ್ತಿ ನನ್ನನ್ನೇ ನೋಡಿದ. ಬಾಗಿಲಲ್ಲಿ ಗಂಗಿ ಬಾಯಿ ತೆರೆದಳು. ಅಜ್ಜಿ ಅವಳ ರಟ್ಟೆ ಹಿಡಿದಳು.

ಆಮೇಲೆ ಎಲ್ಲ ಜಲ್ದಿ ನಡೆಯಿತು. ರುಮಾಲು ಬಿಚ್ಚುವಾಗ ಅದು ತಾತನ ತಲೆಗೆ ಅಂಟಿಕೊಂಡಿತ್ತು. ಎಳೆದರು. ಬಿಳಿ ಕೂದಲು ನಾಲ್ಕೈದು ಅದರ ಜೊತೆಗೇ ಬಂದವು. ಒಳಮೈ ಒದ್ದೆಯಾಗಿತ್ತು. ಅದನ್ನೇ ಚೆನ್ನಪ್ಪ ಮಾವನಿಗೆ ಸುತ್ತಿದರು. ಅವನು ಹೇಸಲಿಲ್ಲ. ಸುತ್ತುವವರಿಗೆ ಅನುಕೂಲವಾಗಲೆಂದು ಗದ್ದ ಎತ್ತಿ ಕೊಟ್ಟ. ತಾತನ ಕಣ್ಣಿನ ಮೂಲೆಯಲ್ಲಿದ್ದ ನೊಣವೋ ಇನ್ನೊಂದೋ ಗೊತ್ತಿಲ್ಲ, ಅವನ ಹುಬ್ಬಿನ ಮೇಲೆ ಕೂತಿತು. ಅದನ್ನೂ ಓಡಿಸದೆ ಕಣ್ಣು ಮುಚ್ಚಿ ಕುಳಿತಿದ್ದ. ತುಟಿಯಲ್ಲಿ ನಗು ಇತ್ತು. ನಾನು ಹಿತ್ತಿಲಿಗೆ ಓಡಿದೆ.

ನಾಲ್ಕು ಗಂಟೆಗೆ ತಾತನನ್ನು ಎಬ್ಬಿಸಿದರು.

ಆ ಹೊತ್ತಿನಿಂದ ಕೆಳಗಿನ ಮನೆಯವರಿಗೆ ಊರಲ್ಲಿ ಎರಡನೆಯ ವೀಳ್ಯವೂ ಇಲ್ಲದಾಯಿತು. ಅವರ ಮಕ್ಕಳನ್ನು ಬಾವಿಕಟ್ಟೆಯಲ್ಲಿ "ಸಣ್ಣವರು ಸರೀರಿ" ಎಂದು ಅಣಕಿಸುವುದನ್ನು ನಾನೇ ಕೇಳಿದ್ದೇನೆ. ಶರಣಪ್ಪ ಮಾವ ಕೆಲವು ವರ್ಷಗಳ ಮೇಲೆ ಊರು ಬಿಟ್ಟು ಫ್ಯಾಕ್ಟರಿ ಕೆಲಸದ ಮಗನ ಹತ್ತಿರ ತೋರಣಗಲ್ಲಿಗೆ ಹೋದ.

ಇದನ್ನು ಈಗ ಬರೆಯಲು ಕಾರಣ ಹೋದ ತಿಂಗಳು ಮೇಲಿನ ಮನೆಯ ಮದುವೆಯಲ್ಲಿ ಲಾಡುವಿನ ಜೊತೆ ಹಂಚಿದ ಒಂದು ಪುಸ್ತಿಕೆ. ನಾಡಗೌಡ ಮನೆತನದ ಚರಿತ್ರೆ, ಬಣ್ಣದ ರಟ್ಟು. ಚೆನ್ನಪ್ಪ ಮಾವ ತೀರಿಕೊಂಡಿದ್ದಾನೆ. ಒಂಬತ್ತನೆಯ ನಾಡಗೌಡರೆಂದು ಅವನ ಫೋಟೋ, ತಲೆಯ ಮೇಲೆ ಅದೇ ರುಮಾಲು. ವಂಶಾವಳಿಯಲ್ಲಿ ನಡುವಿನವ ಸಿದ್ದನಗೌಡ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಎಂಟನೆಯ ನಾಡಗೌಡರ ಬಾಯಿಂದ ಕೇಳಿದವರು ಹೇಳಿದ್ದು ಎಂದು ನನ್ನ ಹೆಸರು. ನನ್ನನ್ನು ಯಾರೂ ಕೇಳಿರಲಿಲ್ಲ.

ಪುಸ್ತಿಕೆ ಹಿಡಿದುಕೊಂಡು ತೋರಣಗಲ್ಲಿಗೆ ಹೋದೆ. ಶರಣಪ್ಪ ಮಾವ ಕನ್ನಡಕ ಹಾಕಿಕೊಂಡು ಆ ಪುಟ ನೋಡಿದ.

"ಅವತ್ತ ನಿನಗ ಗೊತ್ತಿತ್ತಲ್ಲ ಮಾವಾ, ಯಾಕ ಸುಮ್ನಿದ್ದಿ?"

"ನಾ ಬಾಯಿ ತಗದಿದ್ರ ಗೌಡ್ರು ಇನ್ನೊಂದಿನ ಅಲ್ಲೇ ಕುಂದ್ರತಿದ್ರು, ನೀಲಿ" ಎಂದ. ಪುಸ್ತಿಕೆ ಮುಚ್ಚಿ ನನ್ನ ಕೈಗೆ ಕೊಡುತ್ತ, "ಈಗೇನು ಯಾರನ್ನೂ ಎಬ್ಬಸಾದಿಲ್ಲಲ್ಲ. ಖರೇನ ಬರೆದುಬಿಡು" ಎಂದ.

ಬರೆಯುತ್ತಿದ್ದೇನೆ. ಬರೆದರೂ ಆ ಮಂಚ, ಔಡಲೆಣ್ಣೆಯ ಕಾಲು, ನಾಲಿಗೆಯ ಮೇಲೆ ಉರಿಯುವ ಮಾವಿನಕಾಯಿ ತಿರುಗಿ ಬರುವುದಿಲ್ಲ. ನನ್ನ ಮೊಮ್ಮಕ್ಕಳಿಗೆ ಆ ಹೆಸರುಗಳನ್ನು ನಾನು ಕಲಿಸಲಿಲ್ಲ. ಶುರು ಮಾಡಿದಾಗಲೆಲ್ಲ ಐದನೆಯ ನಾಡಗೌಡರ ಹತ್ತಿರ ಬಾಯಿ ನಿಲ್ಲುತ್ತದೆ, ವಾಸನೆ ಬರುತ್ತದೆ. ನಾನು ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದ ಒಬ್ಬರೇ ಒಬ್ಬರ ಎದುರಿಗೆ ನಾನು ಸುಳ್ಳು ಹೇಳಿದೆ.

ದೊಡ್ಡವ ಬಸವನಗೌಡ. ನಡುವಿನವ ಈರನಗೌಡ. ಸಣ್ಣವ ಸಿದ್ದನಗೌಡ.

ಅಂದು ಪಡಸಾಲೆಯಲ್ಲಿದ್ದವರಲ್ಲಿ ಇದನ್ನು ತಾತನ ಮಂಚದ ಬಳಿಯೇ ಕೇಳಿ ಬಲ್ಲವರು ನಾಲ್ಕು ಮಂದಿ. ಅಜ್ಜಿ ಹೋದಳು. ತೋರಣಗಲ್ಲಿನಲ್ಲಿ ಶರಣಪ್ಪ ಮಾವ ಇದ್ದಾನೆ. ಹೊಸಪೇಟೆಯಲ್ಲಿ ಗಂಗಿ ಇದ್ದಾಳೆ. ನಾನಿದ್ದೇನೆ.