ಸುಣ್ಣದ ಕೆಳಗಿನ ಗೆರೆ

ಗಂಗಕ್ಕ, ನಿಮ್ಮ ಮಾತನ್ನು ಸುಳ್ಳು ಮಾಡಿದವಳು ನಾನು. ನಿಮಗೆ ನೆನಪಿನ ಶಕ್ತಿ ಹೋಗಿದೆ ಎಂದು ಓಣಿಯೆಲ್ಲ ನಕ್ಕಿತಲ್ಲ — ಆ ನಗೆಯನ್ನು ಶುರು ಮಾಡಿಸಿದವಳೂ ನಾನೇ. ನಿಮ್ಮ ನೆನಪು ಆಗಲೂ ನೆಟ್ಟಗಿತ್ತು, ಈಗಲೂ ನೆಟ್ಟಗಿದೆ.

ಹನ್ನೊಂದು ವರ್ಷದ ಹಿಂದೆ, ಕೆಲಗೇರಿಯ ಆಚೆ ನಮ್ಮ ಓಣಿಯ ಹಳ್ಳಕ್ಕೆ, ರಸ್ತೆಯ ಅಡಿ ಹೊಸ ಮೋರಿ ಕಟ್ಟುವವರಿದ್ದರು. ಹಳ್ಳದ ನೀರು ಹಿಂದೆ ಎಲ್ಲಿಯವರೆಗೆ ಏರಿತ್ತೆಂದು ಅಲ್ಲಿಯವರನ್ನು ಕೇಳಿ, ಗೋಡೆಯ ಕಲೆ ನೋಡಿ, ಎಂಜಿನಿಯರರು ಅಳತೆ ಬರೆದುಕೊಳ್ಳುತ್ತಾರೆ. ಅದಕ್ಕೂ ಎಷ್ಟೋ ಹಿಂದೆ ಬಂದ ದೊಡ್ಡ ನೆರೆಯ ಕಲೆ ಉಳಿದಿದ್ದದ್ದು ನಮ್ಮ ಬೀಜ-ಗೊಬ್ಬರದ ಅಂಗಡಿಯ ಗೋಡೆಯ ಮೇಲೆ ಮಾತ್ರ — ಎದೆಮಟ್ಟದಲ್ಲಿ, ಕರಿಮಣ್ಣಿನ ಒಂದು ಗೆರೆ. ಅದನ್ನು ನೋಡಿದರೆ ದೊಡ್ಡ ಮೋರಿ ಕಟ್ಟುತ್ತಾರೆ, ರಸ್ತೆ ಏರಿಸುತ್ತಾರೆ, ಅಂಗಡಿ ತಗ್ಗಿಗೆ ಬೀಳುತ್ತದೆ ಎಂದು ನಮ್ಮ ಯಜಮಾನರು ಹೆದರಿದರು. ಅಂಥ ನೀರು ಮತ್ತೆಲ್ಲಿ ಬರುತ್ತದೆ ಅಂದುಕೊಂಡೆವು. ಹೆದರಿದ್ದು ಅವರು, ಸುಣ್ಣ ಕಲಸಿದ್ದು ನಾನು. ಹಬ್ಬವಿಲ್ಲ, ಮದುವೆಯಿಲ್ಲ — ಗೆರೆ ಕಾಣದಾಗುವವರೆಗೆ ಮೂರು ಸಲ ಬಳಿದೆ.

ಎಂಜಿನಿಯರರು ಬಂದಾಗ ನೀವು ಹಿಟ್ಟಿನ ಗಿರಣಿ ನಿಲ್ಲಿಸಿ, ಸೀರೆಗೆ ಹಿಟ್ಟು ಮೆತ್ತಿದ ಹಾಗೇ ಓಡಿ ಬಂದಿರಿ.

"ನನ್ನ ಎದಿ ಮಟಾ ಬಂದಿತ್ರಿ ಸಾಹೇಬ್ರ. ಈ ಗ್ವಾಡಿ ಮ್ಯಾಲ ಗೆರಿ ಐತಿ ನೋಡ್ರಿ."

ಗೋಡೆ ಬೆಳ್ಳಗಿತ್ತು. ನೀವು ನನ್ನ ಮುಖ ನೋಡಿದಿರಿ. ನಾನು...

"ಅವರಿಗೆ ವಯಸ್ಸಾಗೇತ್ರಿ, ನೆನಪು ಹಿಂದಮುಂದ ಆಗತಾವು. ಹಿಮ್ಮಡ ತೊಯ್ಯೂವಷ್ಟ ನೀರು ಬರ್ತೈತಿ, ಅಷ್ಟರಿ."

ಪಕ್ಕದ ಅಂಗಡಿಯವರು — ಅವರಿಗೂ ರಸ್ತೆ ಏರುವುದು ಬೇಕಿರಲಿಲ್ಲ — ಗೊಳ್ಳೆಂದು ನಕ್ಕರು. ನೀವು ಗಿರಣಿಗೆ ತಿರುಗಿ ಹೋದಿರಿ.

ಎರಡು ಪೈಪಿನ ಸಣ್ಣ ಮೋರಿ ಬಂತು. ಹೋದ ಮಳೆಗಾಲ, ಆ ದೊಡ್ಡ ನೆರೆಯ ವರ್ಷದ ಅರ್ಧದಷ್ಟೂ ಮಳೆಯಿರಲಿಲ್ಲ, ಪೈಪಿನ ಬಾಯಿಗೆ ಕಸಕಂಟಿ ಸಿಕ್ಕಿ ಹಳ್ಳ ಹಿಂದಕ್ಕೆ ತಿರುಗಿತು. ನಮ್ಮ ಅಂಗಡಿಯ ಮೆಟ್ಟಿಲುಗಳಷ್ಟೇ ತೊಯ್ದವು. ತಗ್ಗಿನಲ್ಲಿದ್ದ ನಿಮ್ಮ ಗಿರಣಿಯ ಮೋಟಾರು ಕೆಸರಲ್ಲಿ ಹೂತುಹೋಯಿತು, ಗಿರಣಿಯ ಬಾಗಿಲು ಇಂದಿಗೂ ತೆರೆದಿಲ್ಲ. ಎಲ್ಲರೂ ಮಳೆಯನ್ನು ಬೈದರು. ನಾನೂ ಬೈದೆ! ಆಮೇಲೆ ನಾಚಿಕೆಯಾಯಿತು — ಸುಳ್ಳು ಹೇಳಿದ್ದು ಮಳೆಯೇನು?

ಈಗ ಆ ಮೋರಿ ಒಡೆದು ಹೊಸದು ಕಟ್ಟುತ್ತಾರಂತೆ. ನಾಳೆ ಅಳತೆ.

"ಹ್ವಾದ ವರ್ಷದ್ದಷ್ಟ ತೋರ್ಸು, ಹಳೇದು ಕೆದಕಬ್ಯಾಡ. ಅಂಗಡಿ ತಗ್ಗಿನ್ಯಾಗ ಹ್ವಾದ್ರ ಏನ ತಿಂತಿ?" ಎಂದು ಯಜಮಾನರು ಗದರಿದರು.

"ಹೋಗ್ಲಿ ಬಿಡ್ರಿ, ಗಿರಾಕಿ ಮೆಟ್ಟಲಾ ಇಳದ ಬರತಾರ" ಎಂದೆ. ಗಿರಾಕಿಗಳು ನಿಂತು ನೋಡುತ್ತಿದ್ದರು. ಕುಡುಗೋಲು ತಂದು ಅವರೆದುರೇ ಗೋಡೆ ಕೆರೆದೆ. ಸುಣ್ಣ ಪದರಪದರವಾಗಿ ಉದುರಿತು. ಗೆರೆ ಅಲ್ಲೇ ಇದೆ, ಗಂಗಕ್ಕ. ನೀವು ಹೇಳಿದ ಎತ್ತರದಲ್ಲೇ ಇದೆ.

ನನ್ನನ್ನು ಕ್ಷಮಿಸಬೇಡಿ, ನಾನು ಕೇಳುವುದೂ ಇಲ್ಲ. ಯಾರೂ ಬಲವಂತ ಮಾಡಿರಲಿಲ್ಲ — ತಿಳಿದೂ ತಿಳಿದೂ ಮಾಡಿದೆ. ನಾಳೆ, ಆವತ್ತು ನಕ್ಕವರೆಲ್ಲರ ಎದುರು, ಸುಣ್ಣ ಬಳಿದವಳು ನಾನೇ ಎಂದು ಎಂಜಿನಿಯರರ ಮುಂದೆ ಹೇಳುತ್ತೇನೆ. ಯಾರು ಮುನಿಸಿಕೊಂಡರೂ ಮುನಿಸಿಕೊಳ್ಳಲಿ. ನೀವು ಬರುವುದು ಬಿಡುವುದು ನಿಮ್ಮಿಷ್ಟ. ಬಂದರೆ, ನಾನು ನೆಲಕ್ಕೆ ಕೂತು ಅಳತೆ ಟೇಪಿನ ಕೆಳತುದಿ ಹಿಡಿಯುತ್ತೇನೆ. ಮೇಲಿನ ತುದಿ ನೀವು ಹಿಡಿಯಿರಿ.